ಸದ್ದು ಏರಿಸಬೇಡ ಅಳಿಯಾ, ಉಳಿದದ್ದನ್ನು ಇಳಿಸು

ಅಳಿಯಾ, ಹೊಸ ಗೇಮ್ ಹಾಕಿದ ಕೂಡಲೇ ನೀವು ಹುಡುಗರು ಮೊದಲು ತೆರೆಯುವುದು ಗ್ರಾಫಿಕ್ಸ್ ಪುಟ. ನೆರಳು ಎಷ್ಟಿರಬೇಕು, ಹುಲ್ಲು ಎಷ್ಟು ದಟ್ಟವಾಗಿರಬೇಕು, ಫ್ರೇಮ್ ಅರವತ್ತು ಬಂತೋ ನೂರಿಪ್ಪತ್ತು ಬಂತೋ ಅಂತ ಗಂಟೆಗಟ್ಟಲೆ ತಿದ್ದುತ್ತೀರಿ. ಆಡಿಯೋ ಪುಟಕ್ಕೆ ಬಂದರೆ ಎರಡೇ ಕೆಲಸ. ಇದ್ದಬದ್ದ ಸ್ಲೈಡರ್‌ಗಳನ್ನೆಲ್ಲ ನೂರಕ್ಕೆ ಎಳೆಯುವುದು, ಫ್ರೇಮ್ ಹೆಚ್ಚು ಸಿಗಲಿ ಅಂತ ಸೌಂಡ್ ಕ್ವಾಲಿಟಿಯನ್ನು 'ಲೋ' ಮಾಡಿ ಹೊರಬರುವುದು. ಎರಡರಿಂದಲೂ ನಷ್ಟವೇ. ಮೊದಲನೆಯದು ಕಿವಿಗೆ ಕೆಟ್ಟದ್ದು. ಎರಡನೆಯದರಿಂದ ಗೇಮ್ ಓಡುವ ವೇಗ ಹೆಚ್ಚುವುದೂ ಇಲ್ಲ.

ಈ ವಿಷಯದಲ್ಲಿ ಮಾತಾಡುವುದಕ್ಕೆ ನನಗೆ ಎರಡು ಕಡೆಯ ಅನುಭವವಿದೆ. ಮುಂಬಯಿಯ ಲ್ಯಾಮಿಂಗ್ಟನ್ ರೋಡ್‌ನಿಂದ ಲೋಕಲ್ ರೈಲಿನಲ್ಲಿ ಮದರ್‌ಬೋರ್ಡು, ಕ್ಯಾಬಿನೆಟ್ಟು ಹೊತ್ತು ತಂದು ಡೊಂಬಿವಲಿಯಲ್ಲಿ ಕಂಪ್ಯೂಟರ್ ಜೋಡಿಸಿಕೊಟ್ಟವನು ನಾನು. ಅದರ ಜೊತೆಗೆ ನಮ್ಮ ಸಂಘಗಳ ಯಕ್ಷಗಾನ, ನಾಟಕ, ಭಜನೆಗೆ ಮೈಕ್ ನೋಡಿಕೊಂಡವನೂ ಹೌದು. ಡೊಂಬಿವಲಿಯ ಸಾವಿತ್ರಿಬಾಯಿ ಫುಲೆ ಕಲಾಮಂದಿರ, ಕಲ್ಯಾಣದ ಆಚಾರ್ಯ ಅತ್ರೆ ರಂಗಮಂದಿರ, ಥಾಣೆಯ ಗಡ್ಕರಿ ರಂಗಾಯತನ, ವಾಶಿಯ ವಿಷ್ಣುದಾಸ ಭಾವೆ ನಾಟ್ಯಗೃಹ, ಎಲ್ಲ ಕಡೆಯೂ ಮಿಕ್ಸರ್ ಮುಂದೆ ಕೂತಿದ್ದೇನೆ. ಆ ಮಿಕ್ಸರಿನಲ್ಲಿ ಇರುವುದೇ ನಿನ್ನ ಗೇಮ್‌ನ ಆಡಿಯೋ ಪುಟದಲ್ಲೂ ಇರುವುದು.

ಮೊದಲು ಆ 'ಲೋ' ವಿಚಾರ. ಸದ್ದಿನ ಗುಣಮಟ್ಟ ಇಳಿಸಿದರೆ ಗೇಮ್ ವೇಗವಾಗಿ ಓಡುತ್ತದೆ ಅನ್ನುವ ಮಾತು ಒಂದು ಕಾಲಕ್ಕೆ ನಿಜವೇ ಆಗಿತ್ತು. ಪೆಂಟಿಯಂ ಕಾಲದಲ್ಲಿ ಹತ್ತಾರು ಸದ್ದುಗಳನ್ನು ಬೆರೆಸುವ ಕೆಲಸ ಪ್ರೊಸೆಸರಿಗೆ ಭಾರವಾಗುತ್ತಿತ್ತು. ಅದಕ್ಕೇ ಬೇರೆ ಸೌಂಡ್ ಕಾರ್ಡ್ ಹಾಕಿಸುತ್ತಿದ್ದೆವು. 1998ರಲ್ಲಿ ಬಂದ ಸೌಂಡ್ ಬ್ಲಾಸ್ಟರ್ ಲೈವ್‌ನಲ್ಲಿ ಸದ್ದು ಬೆರೆಸಲಿಕ್ಕೇ ಪ್ರತ್ಯೇಕ ಚಿಪ್ ಇತ್ತು. ಸೈಬರ್ ಕೆಫೆಗಳಲ್ಲಿ ಹುಡುಗರು ಕೌಂಟರ್-ಸ್ಟ್ರೈಕ್ 1.6 ಆಡುತ್ತಿದ್ದಾಗ ಅದರ ಆಡಿಯೋ ಪುಟದಲ್ಲಿ ಇಎಎಕ್ಸ್, ಎ3ಡಿ ಎಂಬ ಟಿಕ್ ಗುರುತುಗಳಿದ್ದವು. ಅಂಥ ಕಾರ್ಡ್ ಇದ್ದವರಿಗೆ ಅದು ಲಾಭ, ಇಲ್ಲದವರು ಕ್ವಾಲಿಟಿ ಇಳಿಸಿ ಆಡುತ್ತಿದ್ದರು. 2007ರಲ್ಲಿ ವಿಂಡೋಸ್ ವಿಸ್ಟಾ ಬಂದು, ಸದ್ದನ್ನು ಕಾರ್ಡಿಗೆ ಒಪ್ಪಿಸುವ ಆ ದಾರಿಯನ್ನು ಮುಚ್ಚಿತು. ಅಲ್ಲಿಂದ ಮುಂದೆ ಸದ್ದಿನ ಕೆಲಸವೆಲ್ಲ ಪ್ರೊಸೆಸರಿನ ಮೇಲೇ ಬಿತ್ತು. ಅಷ್ಟರಲ್ಲಿ ಪ್ರೊಸೆಸರುಗಳೂ ಎರಡು ಕೋರ್, ನಾಲ್ಕು ಕೋರ್ ಆಗಿ ಬೆಳೆದಿದ್ದರಿಂದ ಆ ಭಾರ ಯಾರಿಗೂ ಗೊತ್ತಾಗಲಿಲ್ಲ. ಅಣ್ಣಂದಿರಿಂದ ತಮ್ಮಂದಿರಿಗೆ ಹಳೆಯ ಸಲಹೆ ಮಾತ್ರ ಇಳಿದು ಬಂತು. ನಿನ್ನ ಈಗಿನ ಯಂತ್ರದಲ್ಲಿ ಸದ್ದು 'ಹೈ' ಇದ್ದರೂ 'ಲೋ' ಇದ್ದರೂ ಫ್ರೇಮ್ ಲೆಕ್ಕದಲ್ಲಿ ವ್ಯತ್ಯಾಸ ಕಾಣುವುದು ಅಪರೂಪ. ಫ್ರೇಮ್ ಬೇಕಾದರೆ ನೆರಳು ಇಳಿಸು. 'ಲೋ' ಮಾಡಿದಾಗ ಗೇಮ್ ಒಂದೇ ಹೊತ್ತಿಗೆ ಕೇಳಿಸುವ ಸದ್ದುಗಳ ಸಂಖ್ಯೆಯನ್ನು ಕಡಿಮೆ ಮಾಡಬಹುದು, ಗೋಡೆಗೆ ಬಡಿದು ಬರುವ ಮರುದನಿಯನ್ನೂ ಬಿಟ್ಟುಬಿಡಬಹುದು. ಶತ್ರು ಹತ್ತಿರ ಇದ್ದಾನೋ ಪಕ್ಕದ ಕೋಣೆಯಲ್ಲಿ ಇದ್ದಾನೋ ಅಂತ ಹೇಳುವುದು ಇವೇ ಎರಡು.

ಫ್ರೇಮ್ ತಿನ್ನುವ ಆಡಿಯೋ ಸಂಗತಿಗಳು ಗೇಮ್‌ನ ಹೊರಗಿವೆ. ಮೈಕಿನ ಗದ್ದಲ ಅಳಿಸುವ ಎನ್‌ವಿಡಿಯಾ ಬ್ರಾಡ್‌ಕಾಸ್ಟ್ ಥರದ ತಂತ್ರಾಂಶ ಗ್ರಾಫಿಕ್ಸ್ ಕಾರ್ಡಿನ ಶಕ್ತಿಯಿಂದಲೇ ನಡೆಯುತ್ತದೆ. ಕಾರ್ಡ್ ಸಣ್ಣದಾದರೆ ಫ್ರೇಮ್ ಬೀಳುವುದು ಕಣ್ಣಿಗೆ ಕಾಣುತ್ತದೆ. ಹೆಡ್‌ಸೆಟ್ ಜೊತೆ ಬರುವ ದೊಡ್ಡ ತಂತ್ರಾಂಶ, ಹಿಂದೆ ತೆರೆದೇ ಇರುವ ಬ್ರೌಸರ್, ಅದರಲ್ಲಿ ಓಡುತ್ತಿರುವ ಹಾಡು, ಇವುಗಳನ್ನು ಮುಚ್ಚಿ ನೋಡು.

ಈಗ ನಿಮ್ಮ ದೊಡ್ಡ ದೂರಿಗೆ ಬರುತ್ತೇನೆ. "ಮಾವಾ, ಗೇಮ್ ಮಧ್ಯೆ ಸದ್ದು ಚರ್ ಚರ್ ಅನ್ನುತ್ತದೆ, ಹೆಡ್‌ಫೋನ್ ಹಾಳಾಯಿತು" ಅಂತ ಎಷ್ಟೋ ಹುಡುಗರು ತಂದು ತೋರಿಸಿದ್ದಾರೆ. ಬಹಳ ಸಲ ಹೆಡ್‌ಫೋನ್ ಗಟ್ಟಿಯಾಗಿಯೇ ಇರುತ್ತದೆ. ವಿಂಡೋಸ್ ಸಾಮಾನ್ಯವಾಗಿ ಸದ್ದನ್ನು ಹತ್ತು ಮಿಲಿಸೆಕೆಂಡಿನ ತುಂಡುಗಳಾಗಿ ಕಳಿಸುತ್ತದೆ. ಸೆಕೆಂಡಿಗೆ 48,000 ಮಾದರಿಗಳ ಲೆಕ್ಕದಲ್ಲಿ ಒಂದೊಂದು ತುಂಡಿನಲ್ಲಿ 480 ಮಾದರಿ. ಪ್ರೊಸೆಸರ್ ಬೇರೆ ಕೆಲಸದಲ್ಲಿ ಮುಳುಗಿ ಮುಂದಿನ ತುಂಡನ್ನು ಹೊತ್ತಿಗೆ ಸರಿಯಾಗಿ ಕೊಡದಿದ್ದರೆ ಅಲ್ಲಿ ಖಾಲಿ ಬೀಳುತ್ತದೆ, ಅದೇ ಆ ಚರ್ ಸದ್ದು. ಚಿತ್ರ ಒಂದು ಫ್ರೇಮ್ ತಡವಾದರೆ ಕಣ್ಣು ಸಹಿಸಿಕೊಳ್ಳುತ್ತದೆ. ಸದ್ದು ಒಂದು ತುಂಡು ತಪ್ಪಿದರೆ ಕಿವಿ ಅಲ್ಲೇ ಹಿಡಿಯುತ್ತದೆ.

ಅದಕ್ಕೆ ಮದ್ದು ಗ್ರಾಫಿಕ್ಸ್ ಪುಟದಲ್ಲೇ ಇದೆ. ಫ್ರೇಮ್‌ಗೆ ಮಿತಿ ಹಾಕು. ನಿನ್ನ ಮಾನಿಟರ್ ಅರವತ್ತು ಹರ್ಟ್ಸ್‌ನದಾದರೆ ಗೇಮ್‌ಗೆ ಮಿತಿಯಿಲ್ಲದೆ ಇನ್ನೂರು ಫ್ರೇಮ್ ಓಡಲು ಬಿಟ್ಟು ಪ್ರೊಸೆಸರನ್ನು ದಣಿಸುವುದರಲ್ಲಿ ಅರ್ಥವಿಲ್ಲ. ಮಿತಿ ಹಾಕಿದ ಕೂಡಲೇ ಸದ್ದಿಗೆ ಉಸಿರಾಡಲು ಜಾಗ ಸಿಗುತ್ತದೆ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ಉಳಿಸುವ ಮೋಡ್‌ನಲ್ಲಿ ಆಡಬೇಡ. ಮೇ ತಿಂಗಳಲ್ಲಿ ನಮ್ಮ ಕಡೆಯ ಮನೆಗಳು ಹೇಗೆ ಕಾಯುತ್ತವೆ ಅಂತ ಗೊತ್ತಲ್ಲ, ಹಾಸಿಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಆಡಿದರೆ ಅದು ಕಾದು ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಆಗ ಮೊದಲು ಒಡೆಯುವುದು ಸದ್ದೇ. ಇಷ್ಟಾದರೂ ನಿಲ್ಲದಿದ್ದರೆ ಲೇಟೆನ್ಸಿಮಾನ್ ಅನ್ನುವ ಉಚಿತ ತಂತ್ರಾಂಶ ಹಾಕಿ ನೋಡು, ಯಾವ ಡ್ರೈವರ್ ದಾರಿಗೆ ಅಡ್ಡ ನಿಂತಿದೆ ಅಂತ ಹೆಸರು ಸಹಿತ ಹೇಳುತ್ತದೆ. ಎಷ್ಟೋ ಕಡೆ ತಪ್ಪಿತಸ್ಥ ವೈಫೈ ಡ್ರೈವರ್ ಆಗಿರುತ್ತದೆ. ಇದೆಲ್ಲ ಮುಗಿದ ಮೇಲೂ, ಯಂತ್ರ ಹಳೆಯ ಎರಡು ಕೋರಿನದು, ಮೆಮೊರಿ ನಾಲ್ಕೇ ಜಿಬಿ ಅಂತಾದರೆ, ಆಗ ಸೌಂಡ್ ಕ್ವಾಲಿಟಿ ಒಂದು ಮೆಟ್ಟಿಲು ಇಳಿಸು. 'ಲೋ' ಅನ್ನುವ ಆಯ್ಕೆ ಇರುವುದು ಅಂಥ ಯಂತ್ರಕ್ಕಾಗಿ.

ವಿಂಡೋಸ್‌ನ ಸೌಂಡ್ ಸೆಟ್ಟಿಂಗ್‌ನಲ್ಲಿ 192 ಕಿಲೋಹರ್ಟ್ಸ್ ಅನ್ನುವ ಆಯ್ಕೆ ಕಂಡರೆ ಆಸೆಪಡಬೇಡ. ಮನುಷ್ಯರ ಕಿವಿ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಸ್, ಅದೂ ಎಳೆಯ ವಯಸ್ಸಿನಲ್ಲಿ. 48 ಕಿಲೋಹರ್ಟ್ಸ್ ಇಟ್ಟರೆ 24,000 ಹರ್ಟ್ಸ್‌ವರೆಗಿನ ಸದ್ದು ಪೂರ್ತಿ ಹಿಡಿಸುತ್ತದೆ. ಬಹಳಷ್ಟು ಗೇಮ್‌ಗಳು ಒಳಗೆ ಕೆಲಸ ಮಾಡುವುದೂ ಅದರಲ್ಲೇ. 48 ಇಟ್ಟು ಮುಂದೆ ಹೋಗು.

ಇನ್ನು ಬೆರಕೆಯ ವಿಷಯ. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. ಯಕ್ಷಗಾನಕ್ಕೆ ಮೈಕ್ ಕಟ್ಟಿದಾಗ ಪ್ರತಿ ಸಲವೂ ಹಿಂದಿನ ಸಾಲಿನಿಂದ ಒಬ್ಬರು ಎದ್ದು ಬಂದು, "ಭಾಗವತರ ಪದ ಕೇಳುವುದಿಲ್ಲ, ಏರಿಸಿ" ಅನ್ನುತ್ತಾರೆ. ಏರಿಸಿದರೆ ಏನಾಗುತ್ತದೆ? ಭಾಗವತರ ಮೈಕಿಗೆ ಪಕ್ಕದ ಚೆಂಡೆಯೂ ಬೀಳುತ್ತಿರುತ್ತದೆ, ಅದೂ ಜೊತೆಗೇ ಏರುತ್ತದೆ. ಇನ್ನೂ ಏರಿಸಿದರೆ ಸ್ಪೀಕರ್ ಕೂಗಲು ಶುರು ಮಾಡುತ್ತದೆ. ಬಾಗಿಲು ಮುಚ್ಚಿದ ಸಭಾಗೃಹದಲ್ಲಿ ಚೆಂಡೆಗೆ ಮೈಕೇ ಬೇಡ. ಅದರ ಕಡೆಯ ಮೈಕ್ ತೆಗೆದುಬಿಟ್ಟು, ಮದ್ದಳೆಯದನ್ನು ಸ್ವಲ್ಪ ತಗ್ಗಿಸಿದರೆ ಪದ ತಾನಾಗಿ ಮೇಲೆ ಬರುತ್ತದೆ. ಭಾಗವತರ ಫೇಡರನ್ನು ಮುಟ್ಟಲೇಬೇಕಾಗಿಲ್ಲ. ಅರ್ಥಗಾರಿಕೆ ಶುರುವಾದಾಗ ಹಿಮ್ಮೇಳ ತಾನೇ ಸುಮ್ಮನಾಗುತ್ತದೆ, ಶ್ರುತಿ ಮಾತ್ರ ಉಳಿಯುತ್ತದೆ. ಮಾತು ಕೇಳಬೇಕಾದಾಗ ಉಳಿದದ್ದು ಹಿಂದೆ ಸರಿಯಬೇಕು ಅಂತ ನಮ್ಮ ಹಿರಿಯರು ಮೈಕ್ ಬರುವ ಮೊದಲೇ ವ್ಯವಸ್ಥೆ ಮಾಡಿಟ್ಟಿದ್ದರು. ಒಳ್ಳೆಯ ಗೇಮ್‌ಗಳಲ್ಲಿ ಪಾತ್ರ ಮಾತಾಡಿದಾಗ ಸಂಗೀತ ತಾನಾಗಿ ಇಳಿಯುವುದನ್ನು ಗಮನಿಸಿದ್ದೀಯಾ? ಅಲ್ಲೂ ನಡೆಯುವುದು ಇದೇ.

ಗೇಮ್‌ನಲ್ಲಿ ಇದಕ್ಕೆ ಇನ್ನೂ ಗಟ್ಟಿಯಾದ ಕಾರಣವಿದೆ. ಡಿಜಿಟಲ್ ಸದ್ದಿಗೆ ಮೇಲೆ ಒಂದು ಚಾವಣಿ ಇರುತ್ತದೆ. ಎಲ್ಲ ಸ್ಲೈಡರ್‌ಗಳೂ ನೂರರಲ್ಲಿದ್ದು ಒಂದೇ ಕ್ಷಣಕ್ಕೆ ಸ್ಫೋಟ, ಸಂಗೀತ, ಗೆಳೆಯರ ಕೂಗು ಸೇರಿಕೊಂಡರೆ ಮೊತ್ತ ಆ ಚಾವಣಿಗೆ ಬಡಿಯುತ್ತದೆ. ಆಗ ಒಂದೋ ಸದ್ದು ಒಡೆಯುತ್ತದೆ, ಇಲ್ಲವೇ ಗೇಮ್ ಎಲ್ಲವನ್ನೂ ಒತ್ತಿ ಚಪ್ಪಟೆ ಮಾಡುತ್ತದೆ. ಎರಡರಲ್ಲೂ ಮೊದಲು ಕಳೆದುಹೋಗುವುದು ಸಣ್ಣ ಸದ್ದುಗಳು, ಅಂದರೆ ನಿನಗೆ ಬೇಕಾದ ಹೆಜ್ಜೆ ಸಪ್ಪಳ, ಗನ್ ತುಂಬಿಸುವ ಕ್ಲಿಕ್. ಆದ್ದರಿಂದ ಎಫೆಕ್ಟ್ಸ್ ಒಂದನ್ನೇ ಮೇಲೆ ಬಿಡು. ಸಂಗೀತವನ್ನು ಹತ್ತೋ ಹದಿನೈದೋ ಮಾಡು, ಪಂದ್ಯದ ಆಟವಾದರೆ ಸೊನ್ನೆ ಮಾಡಿದರೂ ನಡೆದೀತು. ಗೆಳೆಯರ ಮಾತು ಅರ್ಧಕ್ಕಿರಲಿ. ಕೌಂಟರ್-ಸ್ಟ್ರೈಕ್ 2ರಲ್ಲಿ ಸಂಗೀತಕ್ಕೇ ಹಲವು ಸ್ಲೈಡರ್‌ಗಳಿವೆ. ಹತ್ತು ಸೆಕೆಂಡ್ ಉಳಿದಿದೆ ಅಂತ ಎಚ್ಚರಿಸುವುದನ್ನು ಮಾತ್ರ ಇಟ್ಟುಕೊಂಡು ಉಳಿದವನ್ನು ಇಳಿಸಿಬಿಡು. ಕೊನೆಯಲ್ಲಿ ಒಟ್ಟು ಸದ್ದು ಎಷ್ಟು ಬೇಕು ಅನ್ನುವುದನ್ನು ವಿಂಡೋಸ್‌ನಲ್ಲಿ ಅಥವಾ ಹೆಡ್‌ಫೋನಿನ ಗುಂಡಿಯಲ್ಲಿ ತೀರ್ಮಾನಿಸು.

ಕಥೆಯ ಗೇಮ್‌ಗೆ ಈ ಲೆಕ್ಕ ಹಿಡಿಯಬೇಡ. ಅಲ್ಲಿ ಸಂಗೀತ ಕಟ್ಟಿದವರ ಶ್ರಮವಿದೆ, ಅದನ್ನು ಅವರು ಇಟ್ಟಲ್ಲೇ ಬಿಡು. 2017ರ ಹೆಲ್‌ಬ್ಲೇಡ್ ಗೇಮ್‌ನಲ್ಲಿ ನಾಯಕಿಯ ತಲೆಯೊಳಗೆ ಕೇಳುವ ದನಿಗಳನ್ನು ಎರಡು ಕಿವಿಗೂ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿದ್ದರು. ಅದರ ಸದ್ದಿಗೆ ಮರುವರ್ಷ ಬಾಫ್ಟಾ ಪ್ರಶಸ್ತಿಯೂ ಬಂತು. ಟಿವಿಯ ಸ್ಪೀಕರಿನಲ್ಲಿ ಅದನ್ನು ಆಡಿದರೆ ಅರ್ಧ ಗೇಮ್ ಕೈತಪ್ಪಿದಂತೆ. ಹೆಡ್‌ಫೋನ್ ಹಾಕಿಯೇ ಆಡು.

ದಿಕ್ಕಿನ ವಿಷಯ ಹೇಳುತ್ತೇನೆ. ಬಲಗಡೆಯ ಸದ್ದು ಬಲಗಿವಿಗೆ ಮೊದಲು ತಲುಪುತ್ತದೆ, ಎಡಗಿವಿಗೆ ಒಂದು ಮಿಲಿಸೆಕೆಂಡಿಗೂ ಕಡಿಮೆ ತಡವಾಗಿ, ಸ್ವಲ್ಪ ಸಣ್ಣದಾಗಿ. ಅಷ್ಟು ಸಣ್ಣ ವ್ಯತ್ಯಾಸದಿಂದಲೇ ಮಿದುಳು ದಿಕ್ಕು ಹೇಳುತ್ತದೆ. ಹಿಂದೆ ಮುಂದೆ, ಮೇಲೆ ಕೆಳಗೆ ಅನ್ನುವುದನ್ನು ಹೊರಗಿವಿಯ ಮಡಿಕೆಗಳು ಸದ್ದನ್ನು ತಿದ್ದುವ ರೀತಿಯಿಂದ ತಿಳಿಯುತ್ತದೆ. ಇದನ್ನೆಲ್ಲ ಲೆಕ್ಕ ಹಾಕಿ ಎರಡೇ ಸ್ಪೀಕರಿನ ಹೆಡ್‌ಫೋನಿನಲ್ಲಿ ಸುತ್ತಲಿನ ಸದ್ದನ್ನು ಕಟ್ಟಿಕೊಡುವ ವಿಧಾನಕ್ಕೆ ಎಚ್‌ಆರ್‌ಟಿಎಫ್ ಎನ್ನುತ್ತಾರೆ. ವ್ಯಾಲರಂಟ್‌ಗೆ ಅದು 2021ರಲ್ಲಿ ಬಂತು, ಮೈನ್‌ಕ್ರಾಫ್ಟ್‌ಗೆ 2022ರಲ್ಲಿ 'ಡೈರೆಕ್ಷನಲ್ ಆಡಿಯೋ' ಎಂಬ ಹೆಸರಿನಲ್ಲಿ ಬಂತು. ಇದನ್ನು ಹಾಕು, ಆದರೆ ಒಂದೇ ಕಡೆ ಹಾಕು. ಗೇಮ್‌ನಲ್ಲೂ ಹಾಕಿ, ವಿಂಡೋಸ್ ಸೋನಿಕ್ಕನ್ನೂ ಹಾಕಿ, ಹೆಡ್‌ಸೆಟ್ಟಿನ '7.1' ಗುಂಡಿಯನ್ನೂ ಒತ್ತಿದರೆ ಒಂದು ತಿದ್ದಿದ್ದನ್ನು ಇನ್ನೊಂದು ಮತ್ತೆ ತಿದ್ದಿ ಶತ್ರು ನಾಲ್ಕೂ ಕಡೆ ಇದ್ದಂತೆ ಕೇಳುತ್ತದೆ. ಗೇಮ್‌ನದು ಇದ್ದರೆ ಅದನ್ನೇ ನಂಬು, ಉಳಿದೆರಡನ್ನು ಆರಿಸು. ಯಾರದೋ ಕಿವಿಯ ಅಳತೆಯಿಂದ ಮಾಡಿದ ಲೆಕ್ಕ ಅದು, ನಿನ್ನ ಕಿವಿಗೆ ಹೊಂದದೆಯೂ ಹೋಗಬಹುದು. ಒಂದು ವಾರ ಹಾಕಿ ಆಡು, ದಿಕ್ಕು ಇನ್ನೂ ತಪ್ಪುತ್ತಿದ್ದರೆ ಸಾದಾ ಸ್ಟೀರಿಯೋಗೆ ಮರಳು. ವಿಂಡೋಸ್‌ನಲ್ಲಿರುವ ಲೌಡ್‌ನೆಸ್ ಈಕ್ವಲೈಸೇಷನ್ ಸಣ್ಣ ಸದ್ದನ್ನು ಎತ್ತಿ ದೊಡ್ಡದನ್ನು ತಗ್ಗಿಸುತ್ತದೆ. ಹೆಜ್ಜೆ ಚೆನ್ನಾಗಿ ಕೇಳುತ್ತದೆ ಅಂತ ಹುಡುಗರು ಅದನ್ನು ಮೆಚ್ಚುತ್ತಾರೆ. ಆದರೆ ದೂರದ ಹೆಜ್ಜೆಯೂ ಹತ್ತಿರದ ಹೆಜ್ಜೆಯೂ ಒಂದೇ ಆಗಿಬಿಡುತ್ತದೆ. ಪಂದ್ಯಕ್ಕೆ ಅದು ಬೇಡ, ರಾತ್ರಿ ಹೊತ್ತು ಕಥೆಯ ಗೇಮ್ ಆಡುವಾಗ ಅದು ಒಳ್ಳೆಯದು.

ಲೋಕಲ್‌ನಲ್ಲಿ ಕಿವಿಗೆ ಸಿಕ್ಕಿಸುವ ಬ್ಲೂಟೂತ್ ಬಡ್ಸ್‌ನಲ್ಲೇ ಗೇಮ್ ಆಡಬೇಡ. ಸಾಮಾನ್ಯ ಬ್ಲೂಟೂತ್‌ನಲ್ಲಿ ಸದ್ದು ಸುಮಾರು ಇನ್ನೂರು ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಅರವತ್ತು ಫ್ರೇಮ್ ಲೆಕ್ಕದಲ್ಲಿ ಅದು ಹನ್ನೆರಡು ಫ್ರೇಮ್. ಹೆಜ್ಜೆ ಕೇಳುವ ಹೊತ್ತಿಗೆ ಗುಂಡು ಬಿದ್ದಾಗಿರುತ್ತದೆ. ಅದರ ಮೈಕ್ ಬಳಸಿದರಂತೂ ಸಾಮಾನ್ಯವಾಗಿ ಸದ್ದೆಲ್ಲ ಫೋನ್ ಕರೆಯ ಮಟ್ಟಕ್ಕೆ ಇಳಿದು ಎಡ ಬಲ ಅನ್ನುವುದೇ ಇಲ್ಲವಾಗುತ್ತದೆ. ವೈರಿನ ಹೆಡ್‌ಫೋನ್ ಎಲ್ಲಕ್ಕಿಂತ ಮೇಲು. ವೈರ್ ಬೇಡವೆಂದಾದರೆ ತನ್ನದೇ ಯುಎಸ್‌ಬಿ ಡಾಂಗಲ್ ಇರುವುದನ್ನು ತೆಗೆದುಕೋ.

ನಮ್ಮ ಮನೆಗಳ ವಿಚಾರವನ್ನು ಯಾವ ಗೇಮ್ ಕಂಪನಿಯವರೂ ಬರೆಯುವುದಿಲ್ಲ. ಅಕ್ಕ ಅಡುಗೆಮನೆಯಲ್ಲಿ ಮಿಕ್ಸಿ ಹಾಕಿರುತ್ತಾಳೆ, ತಲೆಯ ಮೇಲೆ ಫ್ಯಾನ್, ಕಿಟಕಿಯಾಚೆ ಹಳಿ. ಕಸಾರಾ ಲೋಕಲ್ ಹೋದ ಹಿಂದೆಯೇ ಮೇಲ್ ಗಾಡಿ ಹೋಗುತ್ತದೆ. ಹುಡುಗರು ಸದ್ದು ಏರಿಸುವುದು ಬಹುಪಾಲು ಈ ಗದ್ದಲವನ್ನು ಮುಚ್ಚಲಿಕ್ಕೇ. ಇದಕ್ಕೆ ಸ್ಲೈಡರಿನಲ್ಲಿ ಪರಿಹಾರವಿಲ್ಲ. ಕಿವಿಯನ್ನು ಪೂರ್ತಿ ಮುಚ್ಚುವ, ಹಿಂಬದಿ ಮುಚ್ಚಿದ ಹೆಡ್‌ಫೋನ್ ಹಾಕು. ಹೊರಗಿನದು ಕಡಿಮೆಯಾದಷ್ಟೂ ಒಳಗಿನದನ್ನು ಇಳಿಸಬಹುದು. ಕುಶನ್ ಬಟ್ಟೆಯದಿರಲಿ, ರೆಕ್ಸಿನಿನದು ನಮ್ಮ ಬೆವರಿಗೂ ಮಳೆಗಾಲದ ತೇವಕ್ಕೂ ಬೇಗ ಸಿಪ್ಪೆ ಏಳುತ್ತದೆ. ಮಳೆಗಾಲದಲ್ಲಿ ಒಂದೇ ಕಡೆ ಕೇಳುತ್ತಿದ್ದರೆ ಜ್ಯಾಕ್ ತುದಿಯನ್ನು ಒರೆಸಿ, ಎರಡು ಸಲ ತಿರುಗಿಸಿ ಹಾಕಿ ನೋಡು. ಹೆಡ್‌ಫೋನಿನಲ್ಲಿ ಗುಂಯ್ ಅಂತ ನಿಲ್ಲದ ಸದ್ದು ಬರುತ್ತಿದ್ದರೆ ಅರ್ಥಿಂಗ್ ಪರೀಕ್ಷಿಸಬೇಕು. ಹಳೆಯ ಬಿಲ್ಡಿಂಗ್‌ಗಳಲ್ಲಿ ಮೂರು ತೂತಿನ ಪ್ಲಗ್ ಇರುತ್ತದೆ, ಒಳಗೆ ಅರ್ಥ್ ವೈರೇ ಇರುವುದಿಲ್ಲ. ಇದರಲ್ಲಿ ಸದ್ದಿನ ಪ್ರಶ್ನೆ ಸಣ್ಣದು, ಶಾಕ್ ಹೊಡೆಯುವ ಅಪಾಯ ದೊಡ್ಡದು. ಭಾವನಿಗೆ ಹೇಳಿ ಎಲೆಕ್ಟ್ರಿಷಿಯನ್‌ನನ್ನು ಕರೆಸು. ಅರ್ಥಿಂಗ್ ಸರಿಯಾದ ಮೇಲೂ ಸದ್ದು ನಿಲ್ಲದಿದ್ದರೆ ಕ್ಯಾಬಿನೆಟ್ಟಿನ ಮುಂದಿನ ಜ್ಯಾಕ್ ಬಿಟ್ಟು ಹಿಂದಿನದನ್ನು ಬಳಸು.

ರಾತ್ರಿ ಸ್ಪೀಕರ್ ಬೇಡ. ಸಬ್‌ವೂಫರ್ ಅಂತೂ ಬೇಡವೇ ಬೇಡ. ದಪ್ಪ ಸದ್ದು ಗೋಡೆ ದಾಟಿ ಹೋಗುತ್ತದೆ, ನಿನಗಿಂತ ಪಕ್ಕದ ಮನೆಯವರಿಗೇ ಅದು ಹೆಚ್ಚು ತಟ್ಟುತ್ತದೆ. ಕಾನೂನು ವಸತಿ ಪ್ರದೇಶಕ್ಕೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್ ಮಿತಿ ಇಟ್ಟಿದೆ, 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ. ಕಾನೂನು ಹಾಗಿರಲಿ, ಕೆಳಗಿನ ಮನೆಯವರು ಬೆಳಗಿನ ಮೊದಲ ಲೋಕಲ್ ಹಿಡಿದು ಹೋಟೆಲ್ ತೆರೆಯಲು ಹೋಗುವವರು. ಅವರ ನಿದ್ದೆ ನಿನ್ನ ಕೈಯಲ್ಲಿದೆ. ಸದ್ದು ಪೂರ್ತಿ ಇಳಿಸಿಯೂ ಆಡಬಹುದು. ಮೈನ್‌ಕ್ರಾಫ್ಟ್‌ನಲ್ಲಿ ಸಬ್‌ಟೈಟಲ್ ಹಾಕಿದರೆ ಯಾವ ಸದ್ದು ಯಾವ ಕಡೆಯಿಂದ ಬಂತು ಅಂತ ಬಾಣದ ಗುರುತಿನೊಂದಿಗೆ ಅಕ್ಷರದಲ್ಲಿ ಬರುತ್ತದೆ. ಫೋರ್ಟ್‌ನೈಟ್‌ನಲ್ಲೂ ಸದ್ದನ್ನು ಚಿತ್ರವಾಗಿ ತೋರಿಸುವ ಆಯ್ಕೆಯಿದೆ. ಕಿವಿ ಕೇಳದ ಮಕ್ಕಳೂ ಸರಿಸಮವಾಗಿ ಆಡಬಹುದು ಇದರಿಂದ. ನಿನ್ನ ಗೆಳೆಯರಲ್ಲಿ ಅಂಥವರಿದ್ದರೆ ಇದನ್ನು ತೋರಿಸಿಕೊಡು. ಮೈಕ್ ಅನ್ನು ಗುಂಡಿ ಒತ್ತಿದಾಗ ಮಾತ್ರ ತೆರೆಯುವಂತೆ ಇಡು, ನಮ್ಮ ಮನೆಯ ಕುಕ್ಕರ್ ಸೀಟಿ ಎಲ್ಲರ ಕಿವಿಗೂ ಹೋಗಬಾರದು.

ಕೊನೆಯದಾಗಿ ಕಿವಿಯದೇ ವಿಷಯ. ಇದನ್ನು ನೀನು ನೆನಪಿಟ್ಟುಕೊಂಡರೆ ಉಳಿದದ್ದನ್ನು ಮರೆತರೂ ಚಿಂತೆಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ 80 ಡೆಸಿಬೆಲ್ ಸದ್ದು ವಾರಕ್ಕೆ 40 ಗಂಟೆ ಸುರಕ್ಷಿತ. ಮಕ್ಕಳಿಗೆ ಅದು 75 ಡೆಸಿಬೆಲ್ ಮಾತ್ರ. ಮೂರು ಡೆಸಿಬೆಲ್ ಏರಿದಂತೆಲ್ಲ ಆ ಅವಧಿ ಅರ್ಧವಾಗುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ, 90ಕ್ಕೆ ವಾರವಿಡೀ ಸೇರಿ ನಾಲ್ಕೇ ಗಂಟೆ. ಗೇಮ್ ಆಡುವವರ ಕಿವಿಗೆಂದೇ ಆ ಸಂಸ್ಥೆ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜೊತೆ ಸೇರಿ 2025ರಲ್ಲಿ ಒಂದು ಮಾನದಂಡವನ್ನೇ ಹೊರತಂದಿದೆ. ಈ ಲೆಕ್ಕಕ್ಕೆ ಗೇಮ್ ಒಂದೇ ಸೇರುವುದಲ್ಲ. ಯುಗಾದಿಯಂದು ಡೊಂಬಿವಲಿಯ ಫಡಕೆ ರೋಡ್‌ನ ಶೋಭಾಯಾತ್ರೆಯಲ್ಲಿ, ಗಣಪತಿ ವಿಸರ್ಜನೆಯಲ್ಲಿ ಢೋಲ್-ತಾಶಾ ಪಕ್ಕ ನಿಂತು ಬರುತ್ತೀಯಲ್ಲ, ಅದೂ ಸೇರುತ್ತದೆ. ನೂರು ಡೆಸಿಬೆಲ್ ಸದ್ದಿಗೆ ವಾರಕ್ಕೆ ಅರ್ಧ ಗಂಟೆಯೂ ಸಿಗುವುದಿಲ್ಲ. ಅಂಥ ದಿನ ರಾತ್ರಿ ಹೆಡ್‌ಫೋನ್ ಮುಟ್ಟಬೇಡ, ಕಿವಿಗೆ ವಿಶ್ರಾಂತಿ ಕೊಡು. ಬೇರೆ ದಿನಗಳಲ್ಲೂ ಆಟ ಶುರು ಮಾಡಿದಾಗ ಇಟ್ಟ ಸದ್ದನ್ನು ಮಧ್ಯದಲ್ಲಿ ಏರಿಸಬೇಡ. ಗಂಟೆ ಕಳೆದಂತೆ ಕಿವಿ ದಣಿದು ಅದೇ ಸದ್ದು ಸಣ್ಣದಾಗಿ ಕೇಳುತ್ತದೆ, ಆಗ ಬೇಕಾದದ್ದು ಹತ್ತು ನಿಮಿಷದ ಬಿಡುವು.

ಒಳಗಿವಿಯಲ್ಲಿ ಸದ್ದು ಹಿಡಿಯುವ ಕೂದಲಿನಂಥ ಸೂಕ್ಷ್ಮ ಕೋಶಗಳಿವೆ. ಒಂದು ಸಲ ಸತ್ತರೆ ಅವು ಮತ್ತೆ ಬೆಳೆಯುವುದಿಲ್ಲ. ಆಟ ಮುಗಿಸಿ ಎದ್ದ ಮೇಲೆ ಕಿವಿಯಲ್ಲಿ ಸಣ್ಣಗೆ ಶಿಳ್ಳೆಯಂಥ ಸದ್ದು ಉಳಿದಿದ್ದರೆ, ಅಥವಾ ಅಕ್ಕ ಕರೆದದ್ದು ಹತ್ತಿಯೊಳಗಿಂದ ಕೇಳಿದಂತೆ ಆದರೆ, ಆ ದಿನಕ್ಕೆ ಹೆಡ್‌ಫೋನ್ ಎತ್ತಿಡು. ಮರುದಿನವೂ ಹಾಗೇ ಇದ್ದರೆ ಮುಚ್ಚಿಡದೆ ಮನೆಯಲ್ಲಿ ಹೇಳಿ, ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ತೋರಿಸಿಕೊಂಡು ಬಾ.